ತಾಲ್ಲೂಕು ಬೋರ್ಡಿನಿಂದ ವಿಧಾನಸೌಧಕ್ಕೆ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

ನಮ್ಮ ರಾಜ್ಯದ ಜಿಲ್ಲಾ ಪಂಚಾಯಿತಿಗಳಿಗೂ ತಾಲ್ಲೂಕು ಪಂಚಾಯಿತಿಗಳಿಗೂ ಕೊನೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ಆಯ್ಕೆಯಾದವರ ಅವಧಿ 2021ರ ಬೇಸಿಗೆಗೆ ಮುಗಿಯಿತು. ಈ ಪತ್ರ ಬರೆಯುತ್ತಿರುವ 2025ರ ಅಕ್ಟೋಬರ್ ತಿಂಗಳವರೆಗೂ ಆ ಸ್ಥಾನಗಳಿಗೆ ಮತ್ತೆ ಚುನಾವಣೆ ನಡೆದಿಲ್ಲ. ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸ್ಥಾನಗಳು, ನಾಲ್ಕು ಸಾವಿರದ ಸಮೀಪದ ತಾಲ್ಲೂಕು ಪಂಚಾಯಿತಿ ಸ್ಥಾನಗಳು ನಾಲ್ಕೂವರೆ ವರ್ಷದಿಂದ ಖಾಲಿ ಇವೆ. ಅವುಗಳ ಅಧಿಕಾರ ಆಡಳಿತಾಧಿಕಾರಿಗಳ ಕೈಯಲ್ಲಿದೆ. ಇದು ಪಂಚಾಯಿತಿಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆನ್ನುವ ಸಂವಿಧಾನದ 243ಇ ವಿಧಿಯ ಉಲ್ಲಂಘನೆ ಎಂದು ಬಲ್ಲವರು ಬರೆದಿದ್ದಾರೆ, ನ್ಯಾಯಾಲಯದಲ್ಲಿ ವಾದಿಸಿದ್ದಾರೆ. ಆ ವಾದವನ್ನು ಇಲ್ಲಿ ಮತ್ತೆ ಹೂಡುವುದು ನನ್ನ ಉದ್ದೇಶವಲ್ಲ. ಊರಿನ ಮಟ್ಟದ ಒಬ್ಬ ರಾಜಕಾರಣಿ ಶಾಸಕನಾಗುವುದು ಹೇಗೆ, ಆ ದಾರಿಯಲ್ಲಿ ಆತ ಏನನ್ನು ಕಲಿಯುತ್ತಾನೆ, ಆ ದಾರಿಯನ್ನು ಮುಚ್ಚಿದರೆ ನಿಮ್ಮ ಸದನಕ್ಕೆ ಮುಂದೆ ಎಂಥವರು ಬರುತ್ತಾರೆ ಎಂಬುದನ್ನು, ಆ ದಾರಿಯಲ್ಲೇ ನಡೆದುಬಂದವರು ನಿಮ್ಮಲ್ಲಿ ಅನೇಕರಿರುವುದರಿಂದ, ನಿಮ್ಮೆದುರೇ ಇಡಬೇಕೆನಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಬಿ.ಡಿ. ಜತ್ತಿಯವರನ್ನು ನೆನೆಯುತ್ತೇನೆ, ಏಕೆಂದರೆ ಆ ದಾರಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಕಾನೂನು ಓದಿ, ಜಮಖಂಡಿಯಲ್ಲೇ ವಕೀಲಿ ಮಾಡುತ್ತಿದ್ದ ಅವರು 1940ರಲ್ಲಿ ಆ ಊರಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಅದು ಇನ್ನೂ ಸಂಸ್ಥಾನದ ಕಾಲ. ಪಟವರ್ಧನ ಮನೆತನದ ಆಳ್ವಿಕೆಯ ಒಂದು ಸಣ್ಣ ರಾಜ್ಯದ ಸಣ್ಣ ಪಟ್ಟಣದ ಪುರಸಭೆ ಅದು. ಅಲ್ಲಿಂದ ಸಂಸ್ಥಾನದ ಶಾಸನಸಭೆ, ಮಂತ್ರಿ ಪದವಿ, 1948ರಲ್ಲಿ ಸಂಸ್ಥಾನದ ಮುಖ್ಯಮಂತ್ರಿ ಸ್ಥಾನ. ಅದೇ ವರ್ಷ ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಆ ಪ್ರಾಂತದ ಸರ್ಕಾರದ ಮುಖ್ಯಸ್ಥ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾಗಿ, ಆಮೇಲೆ ಉಪಮಂತ್ರಿಯಾಗಿ ದುಡಿದರು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ರಾಜ್ಯದ ಭೂ ಶಾಸನಗಳನ್ನು ಒಂದುಗೂಡಿಸುವ ಕೆಲಸ ಬಂದಾಗ ಆ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿದವರು ಅವರೇ. 1961ರ ಭೂಸುಧಾರಣಾ ಕಾಯ್ದೆಯ ಹಿಂದೆ ಜತ್ತಿ ಸಮಿತಿಯ ವರದಿ ಇದೆ. 1958ರಿಂದ 1962ರವರೆಗೆ ಮುಖ್ಯಮಂತ್ರಿ, ಆಮೇಲೆ ಉಪರಾಷ್ಟ್ರಪತಿ, 1977ರಲ್ಲಿ ಐದು ತಿಂಗಳಿಗೂ ಮೀರಿ ಹಂಗಾಮಿ ರಾಷ್ಟ್ರಪತಿ. ಈ ಎಲ್ಲ ಪದವಿಗಳಲ್ಲಿ ಅವರು ಮಾಡಿದ್ದೆಲ್ಲ ಸರಿಯಾಗಿತ್ತೆಂದು ನಾನು ಹೇಳಹೊರಟಿಲ್ಲ. 1977ರಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಘೋಷಣೆಗಳಿಗೆ ಅವರು ಸಹಿ ಹಾಕಿದ್ದು ಇಂದಿಗೂ ಚರ್ಚೆಯ ವಸ್ತುವೇ. ಆದರೆ ರಾಷ್ಟ್ರಪತಿ ಭವನದವರೆಗಿನ ಆ ಪಯಣದ ಮೊದಲ ಮತಗಳು ಜಮಖಂಡಿಯ ಕೆಲವು ಓಣಿಗಳಲ್ಲಿ ಬಿದ್ದವು ಎಂಬುದು ಸಣ್ಣ ಸಂಗತಿಯಲ್ಲ.

ಎಚ್.ಡಿ. ದೇವೇಗೌಡರ ಆರಂಭವೂ ಇದೇ ಬಗೆಯದು. ಹರದನಹಳ್ಳಿಯ ಕೃಷಿಕ ಕುಟುಂಬದ, ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದ ಅವರು ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದಲ್ಲಿ, ಬಳಿಕ ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿ ಪಳಗಿ, 1962ರಲ್ಲಿ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಬಂದರು. ಪಕ್ಷದ ಚೀಟಿಯಿಲ್ಲದೆ ಗೆಲ್ಲುವ ಧೈರ್ಯ ಒಬ್ಬ ಯುವಕನಿಗೆ ಎಲ್ಲಿಂದ ಬರುತ್ತದೆ? ತಾಲ್ಲೂಕಿನ ಯಾವ ಊರಿನಲ್ಲಿ ಯಾವ ಕೆರೆಯ ಏರಿ ಒಡೆದಿದೆ, ಯಾವ ಸಂಘದಲ್ಲಿ ಯಾರಿಗೆ ಸಾಲ ಸಿಕ್ಕಿಲ್ಲ ಎಂಬುದನ್ನು ಬಲ್ಲವನಿಗೆ ಮಾತ್ರ ಬರಬಲ್ಲ ಧೈರ್ಯ ಅದು. ಮುಂದೆ ಮುಖ್ಯಮಂತ್ರಿಯಾದ ಎನ್. ಧರ್ಮಸಿಂಗ್ ಕಲಬುರಗಿ ನಗರಸಭೆಗೆ ಪಕ್ಷೇತರರಾಗಿ ಗೆದ್ದು ರಾಜಕೀಯ ಆರಂಭಿಸಿದವರು, ವಿ. ಸೋಮಣ್ಣ ಬೆಂಗಳೂರು ಪಾಲಿಕೆಯ ಸದಸ್ಯರಾಗಿ. ಹೆಸರುಗಳನ್ನು ಹೇಳುತ್ತಾ ಹೋದರೆ ಪತ್ರ ಮುಗಿಯುವುದಿಲ್ಲ.

ನಾನು ಸ್ವಲ್ಪ ಹೊತ್ತು ನಿಲ್ಲಬಯಸುವುದು 1983ರಲ್ಲಿ. ಆ ವರ್ಷದ ಜನವರಿಯಲ್ಲಿ ಚುನಾಯಿತವಾದ ವಿಧಾನಸಭೆಗೆ ಮೊದಲ ಬಾರಿಗೆ ಕಾಲಿಟ್ಟವರಲ್ಲಿ ಇಬ್ಬರು, ಮುಂದೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಈ ರಾಜ್ಯದ ರಾಜಕಾರಣವನ್ನು ಹಂಚಿಕೊಂಡು ಆಳಲಿದ್ದವರು. ಒಬ್ಬರು ಚಾಮುಂಡೇಶ್ವರಿ ಕ್ಷೇತ್ರದಿಂದ ಗೆದ್ದ ಸಿದ್ದರಾಮಯ್ಯ. 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿನ (ಆಗಿನ ತಾಲ್ಲೂಕು ಮಟ್ಟದ ಚುನಾಯಿತ ಸಂಸ್ಥೆ) ಸದಸ್ಯರಾಗಿ ಆಯ್ಕೆಯಾಗಿದ್ದವರು. ಇನ್ನೊಬ್ಬರು ಶಿಕಾರಿಪುರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪ; ಬೂಕನಕೆರೆಯಿಂದ ಹೊರಟು ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿ, ಎಪ್ಪತ್ತರ ದಶಕದಲ್ಲಿ ಆ ಊರಿನ ಪುರಸಭೆಗೆ ಆಯ್ಕೆಯಾಗಿ, ಅದರ ಅಧ್ಯಕ್ಷರೂ ಆಗಿದ್ದವರು. ಇಬ್ಬರಿಗೂ ರಾಜಕೀಯ ಮನೆತನದ ಬೆನ್ನಿರಲಿಲ್ಲ. ಒಬ್ಬರು ಸಮಾಜವಾದದ ಕಡೆಯಿಂದ, ಇನ್ನೊಬ್ಬರು ಜನಸಂಘದ ಕಡೆಯಿಂದ ಬಂದವರು. ಆಗಿನ ಕಾಂಗ್ರೆಸ್ ಪ್ರಾಬಲ್ಯದ ನಡುವೆ ಇವರಂಥವರಿಗೆ ತಮ್ಮನ್ನು ಜನರೆದುರು ತೋರಿಸಿಕೊಳ್ಳಲು ಇದ್ದ ಮೊದಲ ವೇದಿಕೆ ತಾಲ್ಲೂಕು ಬೋರ್ಡು ಮತ್ತು ಪುರಸಭೆಯೇ ಆಗಿತ್ತು. 2025ರ ಮಾರ್ಚಿನಲ್ಲಿ ಹದಿನಾರನೆಯ ಆಯವ್ಯಯ ಮಂಡಿಸಿದ ಸಿದ್ದರಾಮಯ್ಯನವರು ಖರ್ಚು-ವೆಚ್ಚದ ಲೆಕ್ಕವನ್ನು ಸಾರ್ವಜನಿಕ ಸಭೆಯೊಂದರಲ್ಲಿ ಮೊದಲು ಓದಿದ್ದು ಬಹುಶಃ ಆ ತಾಲ್ಲೂಕು ಬೋರ್ಡಿನಲ್ಲೇ ಇರಬೇಕೆಂದು ಊಹಿಸಿದರೆ ಅವರು ಬೇಸರಿಸಲಾರರು.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಈ ಇಬ್ಬರೂ ಹೊಸ ಶಾಸಕರಾಗಿ ಕುಳಿತಿದ್ದ ಅದೇ ಸದನದಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರದ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ ಮತ್ತು ಮಂಡಲ ಪಂಚಾಯಿತಿಗಳ ಮಸೂದೆಯನ್ನು ತಂದರು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಆಡಳಿತ ನೋಡಿಕೊಳ್ಳಲು ಜಿಲ್ಲಾಧಿಕಾರಿಗಿಂತ ಹಿರಿಯ ಶ್ರೇಣಿಯ ಮುಖ್ಯ ಕಾರ್ಯದರ್ಶಿ. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೆಯ ತಿದ್ದುಪಡಿ ಬರುವುದಕ್ಕೆ ಅನೇಕ ವರ್ಷ ಮೊದಲೇ ಕರ್ನಾಟಕ ಇದನ್ನು ಮಾಡಿ ತೋರಿಸಿತ್ತು. ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದು ಹಳ್ಳಿಗಳಲ್ಲಿ ಹೆಸರಾದ ಆ ಮನುಷ್ಯ 1988ರಲ್ಲಿ ತೀರಿಕೊಂಡರು. ಅವರ ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಅಂದಿನ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಹೊಸ ಕಾಯ್ದೆಯಡಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಆಗಲು 1995 ಬರಬೇಕಾಯಿತು. ಆಗಿನ ಆ ಮೂರು ವರ್ಷಗಳ ಅಂತರವನ್ನು ನಾವು ಅಪರಾಧದಂತೆ ಬಣ್ಣಿಸಿದ್ದೆವು. ಈಗಿನದು ಅದನ್ನೂ ದಾಟಿದೆ, ಅದೂ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನವೇ ಹೇಳುವ ಕಾಲದಲ್ಲಿ.

1987ರ ಆ ಚುನಾವಣೆ ಯಾರಿಗೆ ನೆರವಾಯಿತೆಂಬುದಕ್ಕೆ ಈಗಿನ ಉಪಮುಖ್ಯಮಂತ್ರಿಗಳನ್ನೇ ಸಾಕ್ಷಿಯಾಗಿ ಕರೆಯಬಹುದು. ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರೆದುರು ಸೋತ ಹುಡುಗ. ಎರಡು ವರ್ಷದ ನಂತರ ಬೆಂಗಳೂರು ಗ್ರಾಮಾಂತರ ಜಿಲ್ಲಾ ಪರಿಷತ್ತಿಗೆ ಆಯ್ಕೆಯಾದರು. 1989ರಲ್ಲಿ ಅದೇ ಸಾತನೂರಿನಿಂದ ವಿಧಾನಸಭೆಗೆ ಗೆದ್ದು ಬಂದರು. ಸೋಲಿಗೂ ಗೆಲುವಿಗೂ ನಡುವೆ ಅವರಿಗೆ ನಿಲ್ಲಲು ಒಂದು ನೆಲ ಸಿಕ್ಕಿತು. ಅಂದು ವಿರೋಧ ಪಕ್ಷದಲ್ಲಿದ್ದ ಒಬ್ಬ ಯುವಕನಿಗೆ ಆ ನೆಲವನ್ನು ಒದಗಿಸಿದ್ದು ಎದುರಾಳಿ ಪಕ್ಷದ ಸರ್ಕಾರ ತಂದ ಕಾನೂನು ಎಂಬುದನ್ನು ಮರೆಯಬಾರದು. ಇಂದು ಸಾತನೂರು, ಶಿಕಾರಿಪುರ, ಜೇವರ್ಗಿ, ಜಮಖಂಡಿಗಳಲ್ಲಿ ಒಮ್ಮೆ ಸೋತ, ಇಲ್ಲವೇ ಇನ್ನೂ ನಿಲ್ಲದ ಇಪ್ಪತ್ತೈದು-ಮೂವತ್ತರ ಹರೆಯದವರಿಗೆ ಅಂಥ ನೆಲ ಎಲ್ಲಿದೆ?

ಗ್ರಾಮ ಪಂಚಾಯಿತಿ ಇದೆಯಲ್ಲ ಎಂದು ನೀವು ಹೇಳಬಹುದು. ಇದೆ, ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ, 2020ರ ಡಿಸೆಂಬರಿನಲ್ಲಿ ಚುನಾಯಿತರಾದ ಅವುಗಳ ಸದಸ್ಯರ ಅವಧಿಯೂ ಇನ್ನು ಕೆಲವೇ ತಿಂಗಳಲ್ಲಿ ಮುಗಿಯಲಿದೆ. ಆದರೆ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಹಳ್ಳಿಯ ಕಾರ್ಯಕರ್ತನ ಕೈಗೆ ಪಕ್ಷದ ಬಿ ಫಾರಂ (ಅಧಿಕೃತ ಅಭ್ಯರ್ಥಿಯೆಂಬ ಪತ್ರ) ಮೊದಲ ಬಾರಿಗೆ ಬರುವುದು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ. ಒಂದು ಜಿಲ್ಲಾ ಪಂಚಾಯಿತಿ ಕ್ಷೇತ್ರವೆಂದರೆ ಮೂವತ್ತೈದು-ನಲವತ್ತು ಸಾವಿರ ಜನರ, ಹತ್ತಾರು ಹಳ್ಳಿಗಳ ಹರಹು. ತನ್ನ ಜಾತಿಯ ಕೇರಿ ಮತ್ತು ತನ್ನ ಊರಿನ ಗೆಳೆತನಗಳ ಬಲದಿಂದ ಮಾತ್ರ ಅಲ್ಲಿ ಗೆಲ್ಲಲಾಗದು. ಎದುರು ಕೇರಿಗೂ ಹೋಗಬೇಕು, ಪಕ್ಕದ ಹೋಬಳಿಯ ವಿಶ್ವಾಸವನ್ನೂ ಗಳಿಸಬೇಕು. ಗೆದ್ದ ಮೇಲೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಓದಬೇಕು. ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯಲ್ಲಿ ಶಾಲಾ ಶಿಕ್ಷಣದ ಉಪನಿರ್ದೇಶಕರನ್ನು (ಡಿಡಿಪಿಐ), ಜಿಲ್ಲಾ ಆರೋಗ್ಯಾಧಿಕಾರಿಯನ್ನು (ಡಿಎಚ್‌ಒ) ಪ್ರಶ್ನಿಸಬೇಕು. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳನ್ನು ಅರ್ಥ ಮಾಡಿಕೊಳ್ಳಬೇಕು. ಅವಿಶ್ವಾಸ ನಿರ್ಣಯವನ್ನು ಎದುರಿಸಬೇಕು. ನಿಯಮದಲ್ಲಿ ಅವಕಾಶವಿಲ್ಲ ಎಂದು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಹೇಳಿದಾಗ ಆ ನಿಯಮ ಯಾವುದು ಎಂದು ಕೇಳುವಷ್ಟು ಓದಿಕೊಂಡಿರಬೇಕು. ಶಾಸನಸಭೆಗೆ ಬೇಕಾದ ಎಲ್ಲ ಕಸುಬೂ ಇಲ್ಲಿದೆ, ಕಾನೂನು ರಚನೆಯೊಂದನ್ನು ಬಿಟ್ಟು. ನಮ್ಮ ಸದನದಲ್ಲಿ ಮಸೂದೆಗಳು ಕೆಲವೊಮ್ಮೆ ಚರ್ಚೆಯೇ ಇಲ್ಲದೆ ಅಂಗೀಕಾರವಾಗುವುದನ್ನು ನೋಡಿದರೆ, ಆ ಒಂದು ಕಸುಬಿಗೂ ಈಗ ಅಷ್ಟೇನೂ ಬೇಡಿಕೆ ಇದ್ದಂತಿಲ್ಲ.

ಇದೇ ಲೆಕ್ಕವನ್ನು ಹಾಲಿ ಶಾಸಕರ ಕಣ್ಣಿನಿಂದಲೂ ನೋಡೋಣ. ಒಂದು ಗ್ರಾಮೀಣ ವಿಧಾನಸಭಾ ಕ್ಷೇತ್ರದೊಳಗೆ ಐದಾರು ಜಿಲ್ಲಾ ಪಂಚಾಯಿತಿ ಕ್ಷೇತ್ರಗಳಿರುತ್ತವೆ. ಅಂದರೆ ಪಕ್ಷದ ಚಿಹ್ನೆಯ ಮೇಲೆ ಗೆದ್ದ, ಜಿಲ್ಲಾ ಮಟ್ಟದ ಅಧಿಕಾರಿಗಳ ಪರಿಚಯವಿರುವ, ಪತ್ರಿಕೆಗಳಲ್ಲಿ ಹೆಸರು ಬರುವ ಐದಾರು ಮಂದಿ ಸದಾ ನಿಮ್ಮ ಕ್ಷೇತ್ರದಲ್ಲಿ ಓಡಾಡುತ್ತಿರುತ್ತಾರೆ. ಅವರಲ್ಲಿ ಒಬ್ಬರು ಜಿಲ್ಲಾ ಪಂಚಾಯಿತಿ ಅಧ್ಯಕ್ಷರಾದರೆ ಕೆಂಪು ಗೂಟದ ಕಾರಿನ ಕಾಲ ಮುಗಿದಿದ್ದರೂ ಶಾಸಕರಿಗೆ ಸರಿಸಮನಾಗಿ ವೇದಿಕೆಯಲ್ಲಿ ಕೂರುತ್ತಾರೆ. ಮುಂದಿನ ಚುನಾವಣೆಯಲ್ಲಿ ಪಕ್ಷದ ವರಿಷ್ಠರ ಮುಂದೆ ಟಿಕೆಟ್ ಕೇಳುವವರು ಇವರೇ. ಈ ಸಂಸ್ಥೆಗಳು ಖಾಲಿ ಇರುವುದರಿಂದ ಯಾರಿಗೆ ನಷ್ಟ ಎಂಬ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಯಾರಿಗೆ ಲಾಭ ಎಂಬ ಪ್ರಶ್ನೆಗೆ ಸಿಗುವ ಉತ್ತರ ಅಹಿತಕರವಾದದ್ದು. ಇದು ಒಂದು ಪಕ್ಷದ ಮೇಲಿನ ಆರೋಪವಲ್ಲ. ಈ ವಿಷಯದಲ್ಲಿ ಮಾತ್ರ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ವಿಚಿತ್ರವಾದ ಸಹಮತವಿದ್ದಂತೆ ಹೊರಗಿನವರಿಗೆ ಕಾಣುತ್ತದೆ.

ವಿಳಂಬದ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅದರ ವಿವರಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಆಗ ನೀವು ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ಹಿಂತೆಗೆದುಕೊಂಡು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿರಿ. ಅದೇ ಹೊತ್ತಿಗೆ ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಗೆ ಸಮರ್ಪಕ ಅಂಕಿಅಂಶ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ 2022ರಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ ರಚನೆಯಾಯಿತು. ಅದು ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಪಾಲನ್ನು ಸರಿಯಾಗಿ ನಿಗದಿಪಡಿಸಬೇಕೆಂಬುದು ನ್ಯಾಯವಾದ ಕಾರಣ, ಅದಕ್ಕೆ ಬೇಕಾದ ಸಮಯ ತೆಗೆದುಕೊಂಡದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ವರದಿ ಕೈಗೆ ಬಂದು ಮೂರು ವರ್ಷ ಕಳೆದಿದೆ. ಈ ನಡುವೆ ಹೈಕೋರ್ಟ್ ಮತ್ತೆ ಮತ್ತೆ ಗಡುವು ಕೊಟ್ಟಿದೆ, ವಿಳಂಬಕ್ಕಾಗಿ ಸರ್ಕಾರಕ್ಕೆ ದಂಡ ವಿಧಿಸಿದ್ದೂ ಉಂಟು. ತಾಲ್ಲೂಕು ಪಂಚಾಯಿತಿಯೇ ಬೇಡವೆಂಬ ಮಾತೂ ಸದನದಲ್ಲಿ ಕೇಳಿಬಂದಿತ್ತು. ಈ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳು ಆಡಳಿತ ನಡೆಸಿದರು: ಪುರಸಭೆಯಿಂದ ಬಂದ ಯಡಿಯೂರಪ್ಪ, ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ಆಯ್ಕೆಯಾಗಿ ಶಾಸನ ಮಂಡಲ ಪ್ರವೇಶಿಸಿದ ಬಸವರಾಜ ಬೊಮ್ಮಾಯಿ, ತಾಲ್ಲೂಕು ಬೋರ್ಡಿನಿಂದ ಬಂದ ಸಿದ್ದರಾಮಯ್ಯ. ತಾವು ಹತ್ತಿದ ಏಣಿಯನ್ನು ಮೂವರೂ ಮೇಲಿನಿಂದ ಎಳೆದುಕೊಂಡಿದ್ದಾರೆ ಎಂದರೆ ಮಾತು ಕಟುವಾಗುತ್ತದೆ. ಆದರೆ ಕೆಳಗೆ ನಿಂತವರಿಗೆ ಏಣಿ ಸಿಗುತ್ತಿಲ್ಲವೆಂಬುದಂತೂ ನಿಜ.

ಏಣಿ ಇಲ್ಲದ ಜಾಗದಲ್ಲಿ ಏನಾಗಿದೆ? ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಸಮಿತಿಗೆ ಶಾಸಕರು, ಬಡವರ ವಸತಿಯ ಆಶ್ರಯ ಸಮಿತಿಗೆ ಶಾಸಕರು, ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಯಾವ ಕಾಮಗಾರಿ ಎಂದು ಸೂಚಿಸುವವರೂ ಶಾಸಕರು. ಜಿಲ್ಲಾ ಪಂಚಾಯಿತಿಯಲ್ಲಿ ಚುನಾಯಿತರಿದ್ದಾಗ ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಅಧಿಕಾರವೂ ಹೊರೆಯೂ ಒಬ್ಬರ ಮೇಲೆ ಬಿದ್ದಿವೆ. ಪರಿಣಾಮವಾಗಿ ಅಂಗನವಾಡಿಯ ಚಾವಣಿಗೂ ಚರಂಡಿಗೂ ಶಾಸಕರ ಶಿಫಾರಸು ಪತ್ರವೇ ಬೇಕು, ಬೆಳಿಗ್ಗೆ ಗುದ್ದಲಿ ಪೂಜೆ, ಮಧ್ಯಾಹ್ನ ಮದುವೆ ಮನೆ, ಸಂಜೆ ವರ್ಗಾವಣೆಯ ಅರ್ಜಿಗಳು. ನಿಮ್ಮನ್ನು ಜನ ಕಾಡುತ್ತಾರೆಂದು ನೀವು ಹೇಳುವುದು ಸುಳ್ಳಲ್ಲ. ಆದರೆ ಜನ ಕಾಡಬೇಕಾದ ಇನ್ನಿಬ್ಬರ ಬಾಗಿಲಿಗೆ ಬೀಗ ಹಾಕಿದ್ದು ಯಾರು? ಹಣಕಾಸು ಆಯೋಗದ ಅನುದಾನವಂತೂ ಚುನಾಯಿತ ಆಡಳಿತ ಮಂಡಳಿ ಇಲ್ಲದ ಸಂಸ್ಥೆಗಳಿಗೆ ಬರುವುದಿಲ್ಲ. ಆ ನಷ್ಟವನ್ನು ಸರ್ಕಾರದ ಲೆಕ್ಕಪತ್ರಗಳಲ್ಲಿ ನೀವೇ ನೋಡಬಹುದು.

ಈ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಮಹಿಳೆಯರ ಸಂಗತಿ. 1987ರಲ್ಲಿ ಶೇ 25, 1993ರ ಕಾಯ್ದೆಯಲ್ಲಿ ಮೂರನೆಯ ಒಂದು ಭಾಗ, 2010ರ ತಿದ್ದುಪಡಿಯಲ್ಲಿ ಶೇ 50: ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರ ಪಾಲು ಹೀಗೆ ಹೆಚ್ಚುತ್ತಾ ಬಂತು. 2023ರಲ್ಲಿ ಚುನಾಯಿತವಾದ 224 ಸದಸ್ಯರ ವಿಧಾನಸಭೆಯಲ್ಲಿ ಗೆದ್ದ ಮಹಿಳೆಯರು ಹತ್ತೇ ಮಂದಿ. ಅವರಲ್ಲೊಬ್ಬರು ಸುಳ್ಯದ ಭಾಗೀರಥಿ ಮುರುಳ್ಯ. ಪರಿಶಿಷ್ಟ ಜಾತಿಗೆ ಮೀಸಲಾದ, ಎಸ್. ಅಂಗಾರ ಅವರು ಸತತವಾಗಿ ಆರು ಬಾರಿ ಗೆದ್ದಿದ್ದ ಕ್ಷೇತ್ರಕ್ಕೆ ಪಕ್ಷ ಹೊಸಬರನ್ನು ಹುಡುಕಿದಾಗ ಅವರ ಹೆಸರು ಎದ್ದು ಬಂದದ್ದಕ್ಕೆ ದಕ್ಷಿಣ ಕನ್ನಡ ಜಿಲ್ಲಾ ಪಂಚಾಯಿತಿಯ ಸದಸ್ಯೆಯಾಗಿ ಅವರು ಈಗಾಗಲೇ ಜನರ ನಡುವೆ ಕೆಲಸ ಮಾಡಿದ್ದರೆಂಬುದೂ ಒಂದು ಕಾರಣ. ಮೀಸಲಾತಿ ಅವರನ್ನು ಮೊದಲು ಪಂಚಾಯಿತಿಗೆ ತಂದಿತು, ಪಂಚಾಯಿತಿಯ ಅನುಭವ ಅವರನ್ನು ಶಾಸಕ ಸ್ಥಾನಕ್ಕೆ ಅರ್ಹ ಅಭ್ಯರ್ಥಿಯನ್ನಾಗಿಸಿತು. ಈಗ 2023ರ ಸಂವಿಧಾನ ತಿದ್ದುಪಡಿಯ ಪ್ರಕಾರ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ನಂತರ ವಿಧಾನಸಭೆಗಳಲ್ಲಿ ಮೂರನೆಯ ಒಂದರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಲಿವೆ. ಇಂದಿನ ಲೆಕ್ಕದಲ್ಲೇ ಸುಮಾರು 75 ಸ್ಥಾನಗಳು. ಆ 75 ಕ್ಷೇತ್ರಗಳಿಗೆ ಪ್ರತಿ ಪಕ್ಷವೂ ಅಭ್ಯರ್ಥಿಗಳನ್ನು ಹುಡುಕಬೇಕಾಗುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಅರ್ಧಕ್ಕೆ ಅರ್ಧ ಮಹಿಳೆಯರು 2021ರಿಂದ ಪಳಗುತ್ತಿದ್ದರೆ ಸಾವಿರಾರು ಹೆಸರುಗಳ ಪಟ್ಟಿ ಸಿದ್ಧವಿರುತ್ತಿತ್ತು. ಇಲ್ಲದಿರುವಾಗ ಆಗುವುದೇನೆಂದು ಊಹಿಸಲು ಕಷ್ಟಪಡಬೇಕಿಲ್ಲ: ಹಾಲಿ ಶಾಸಕರ ಪತ್ನಿ, ಮಾಜಿ ಸಚಿವರ ಮಗಳು, ಸಂಸದರ ಸೊಸೆ. ಅವರಲ್ಲೂ ಸಮರ್ಥರಿರುತ್ತಾರೆ, ನಿಜ. ಆದರೆ ಮಹಿಳೆಯರಿಗಾಗಿ ತಂದ ಮೀಸಲಾತಿ ಮನೆತನಗಳ ಮೀಸಲಾತಿಯಾಗಿ ಪರಿಣಮಿಸಿದರೆ ಅದರ ಹೊಣೆ ಆ ಹೆಣ್ಣುಮಕ್ಕಳದ್ದಲ್ಲ. ಅವರ ಜೊತೆ ಪೈಪೋಟಿ ನಡೆಸಬಲ್ಲವರನ್ನು ಬೆಳೆಯಲು ಬಿಡದವರದ್ದು.

ಪುರುಷರ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ ಚುನಾವಣಾ ಆಯೋಗ ವಿಧಿಸಿರುವ ಮಿತಿ 40 ಲಕ್ಷ ರೂಪಾಯಿ. ಆ ಮಿತಿಯೊಳಗೇ ಚುನಾವಣೆ ಮುಗಿಯುತ್ತದೆಂದು ನಂಬುವವರು ಈ ಪತ್ರ ಓದುವವರಲ್ಲಿ ಯಾರೂ ಇರಲಾರರು. ದುಡ್ಡಿಲ್ಲದ, ಮನೆತನವಿಲ್ಲದ ಒಬ್ಬನನ್ನು ಪಕ್ಷ ಪರಿಗಣಿಸಬೇಕಾದರೆ ಅವನ ಬಳಿ ತೋರಿಸಲು ಏನಾದರೂ ಇರಬೇಕು. ತಾಲ್ಲೂಕು ಪಂಚಾಯಿತಿಯಲ್ಲಿ ಗೆದ್ದ ಮತಗಳ ಅಂತರ, ಅಧ್ಯಕ್ಷನಾಗಿ ಮಾಡಿದ ನಾಲ್ಕು ಕೆಲಸ, ಎದುರಾಳಿಯೂ ಒಪ್ಪುವ ಹೆಸರು, ಇಷ್ಟೇ ಅವನ ಬಂಡವಾಳ. ಈ ಬಂಡವಾಳ ಕೂಡಿಸುವ ಜಾಗ ಮುಚ್ಚಿದಾಗ ಉಳಿಯುವುದು ಇನ್ನೊಂದು ಬಂಡವಾಳ ಮಾತ್ರ. ರಿಯಲ್ ಎಸ್ಟೇಟಿನಿಂದ, ಗಣಿಯಿಂದ, ಕಾಲೇಜುಗಳ ಸರಪಳಿಯಿಂದ ನೇರವಾಗಿ ವಿಧಾನಸೌಧಕ್ಕೆ ಇಳಿಯುವವರ ಬಗ್ಗೆ ನಿಮ್ಮಲ್ಲೇ ಹಿರಿಯರು ಮೊಗಸಾಲೆಯಲ್ಲಿ ಗೊಣಗುವುದುಂಟು. ಪಂಚಾಯಿತಿ ಚುನಾವಣೆಯ ವಿಷಯ ಸದನದಲ್ಲಿ ಬಂದಾಗಲೂ ಆ ಗೊಣಗು ಕೇಳಿಸಬೇಕಿತ್ತು.

ಸ್ಥಳೀಯ ಸಂಸ್ಥೆಗಳನ್ನು ನಾನು ಪುಣ್ಯಕ್ಷೇತ್ರಗಳೆಂದು ಭಾವಿಸಿಲ್ಲ. ಅಧ್ಯಕ್ಷ ಸ್ಥಾನಕ್ಕಾಗಿ ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ಯುವುದು, ಸದಸ್ಯನೇ ಬೇನಾಮಿ ಗುತ್ತಿಗೆದಾರನಾಗುವುದು, ಮಹಿಳಾ ಸದಸ್ಯೆಯ ಕುರ್ಚಿಯ ಪಕ್ಕ ಪತಿರಾಯರು ಕುರ್ಚಿ ಹಾಕಿಸಿಕೊಳ್ಳುವುದು, ಇವೆಲ್ಲ ಎಲ್ಲರೂ ಕಂಡಿರುವ ಸಂಗತಿಗಳು. ಕುಟುಂಬ ರಾಜಕಾರಣದ ಮೊದಲ ಪಾಠವೂ ಎಷ್ಟೋ ಕಡೆ ಜಿಲ್ಲಾ ಪಂಚಾಯಿತಿಯಲ್ಲೇ ನಡೆದಿದೆ; ಶಾಸಕರ ಮಗನನ್ನು ಅಲ್ಲಿ ತಯಾರು ಮಾಡಿ ಮೇಲಕ್ಕೆ ತಂದದ್ದಕ್ಕೆ ಎಲ್ಲ ಪಕ್ಷಗಳಲ್ಲೂ ನಿದರ್ಶನಗಳಿವೆ. ಆದರೂ ಒಂದು ವ್ಯತ್ಯಾಸವಿದೆ. ಶಾಸಕರ ಮಗ ಜಿಲ್ಲಾ ಪಂಚಾಯಿತಿಗೆ ನಿಂತರೆ ಅವನ ಎದುರು ನಿಲ್ಲುವ ಮೇಷ್ಟ್ರ ಮಗನಿಗೂ ಗೆಲ್ಲುವ ಅವಕಾಶವಿರುತ್ತದೆ, ಕ್ಷೇತ್ರ ಚಿಕ್ಕದಾದ್ದರಿಂದ ಕಾಲ್ನಡಿಗೆಯಲ್ಲೇ ಪ್ರಚಾರ ಮಾಡಬಹುದು. ಎರಡು ಲಕ್ಷ ಮತದಾರರ ಕ್ಷೇತ್ರದಲ್ಲಿ ಆ ಮೇಷ್ಟ್ರ ಮಗ ಮೊದಲ ದಿನವೇ ಕಣದಿಂದ ಹೊರಗೆ.

ವಿಧಾನ ಪರಿಷತ್ತಿನ ಸದಸ್ಯರಲ್ಲಿ ಇಪ್ಪತ್ತೈದು ಮಂದಿಗೆ ಇನ್ನೊಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕಿದೆ. 75 ಸದಸ್ಯರ ನಿಮ್ಮ ಸದನದ ಮೂರನೆಯ ಒಂದು ಭಾಗ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾಗುತ್ತದೆ. 2021ರ ಡಿಸೆಂಬರಿನಲ್ಲಿ ನಿಮ್ಮ ಚುನಾವಣೆ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ; ಗ್ರಾಮ ಪಂಚಾಯಿತಿಗಳ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಸದಸ್ಯರು ಮತ ಹಾಕಿ ನಿಮ್ಮನ್ನು ಕಳಿಸಿದರು. ನೀವು ಪ್ರತಿನಿಧಿಸಬೇಕಾದ ಮೂರು ಹಂತಗಳ ಪೈಕಿ ಎರಡು ಹಂತಗಳು ನಿಮ್ಮ ಅವಧಿಯುದ್ದಕ್ಕೂ ಖಾಲಿ ಇದ್ದವು. ಬೆಂಗಳೂರಿನ ಕಥೆಯೂ ಬೇರೆಯಲ್ಲ: 2015ರಲ್ಲಿ ಚುನಾಯಿತವಾದ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಈಗ ಅದು ಐದು ಪಾಲಿಕೆಗಳಾಗಿ ಹಂಚಿಹೋಗಿದೆ, ಚುನಾಯಿತರು ಮಾತ್ರ ಇನ್ನೂ ಬಂದಿಲ್ಲ. ನಿಮ್ಮ ಸ್ಥಾನಗಳ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಸ್ಥಳೀಯ ಸಂಸ್ಥೆಗಳಲ್ಲಿ ಸಾಕಷ್ಟು ಚುನಾಯಿತರಿಲ್ಲದಿದ್ದರೆ ಪರಿಷತ್ತಿನ ಈ ಸ್ಥಾನಗಳಿಗೂ ಚುನಾವಣೆ ನಡೆಯುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ಕಾರಣಕ್ಕೆ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಸ್ಥಾನಗಳು ಒಂದೊಂದಾಗಿ ತೆರವಾಗಿ ಹಾಗೇ ಉಳಿದಿದ್ದನ್ನು ನೀವು ನೋಡಿದ್ದೀರಿ. ತತ್ತ್ವಕ್ಕಾಗಿ ಅಲ್ಲದಿದ್ದರೆ ಸ್ವಂತ ಕ್ಷೇತ್ರ ಉಳಿಸಿಕೊಳ್ಳಲಿಕ್ಕಾದರೂ ನೀವು ಎದ್ದು ನಿಲ್ಲಬೇಕಾದ ಹೊತ್ತು ಇದು.

ನನ್ನ ಕೋರಿಕೆ ದೊಡ್ಡದೇನಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅಂತಿಮ ಮೀಸಲಾತಿ ಪಟ್ಟಿಯನ್ನು ಸರ್ಕಾರ ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯುವ ಮುನ್ನವೇ ಅವುಗಳ ಪಟ್ಟಿಯೂ ಸಿದ್ಧವಾಗಬೇಕು. 2021ರ ತಿದ್ದುಪಡಿಯನ್ನು ಹಿಂಪಡೆದು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗಕ್ಕೇ ಮರಳಿಸುವುದು ಉಚಿತ, ಏಕೆಂದರೆ ಚುನಾವಣೆ ಯಾವಾಗ ನಡೆಯಬೇಕೆಂಬುದು ಆ ಚುನಾವಣೆಯಿಂದ ಪ್ರತಿಸ್ಪರ್ಧಿಗಳನ್ನು ಪಡೆಯುವವರ ಕೈಯಲ್ಲಿ ಇರಬಾರದು. ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಯಾರಾದರೊಬ್ಬರು, ವಿಶೇಷವಾಗಿ ಪಂಚಾಯಿತಿಯ ಮೆಟ್ಟಿಲು ಹತ್ತಿ ಬಂದವರು, ಈ ಕೆಳಗಿನದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಗಿ, ಕೇಳಬೇಕೆಂದು ಬೇಡುತ್ತೇನೆ. ಬರೆಯುವ ಶ್ರಮ ನಿಮಗೆ ಬೇಡವೆಂದು ನಾನೇ ಬರೆದಿದ್ದೇನೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಮೀಸಲಾತಿಯ ಅಂತಿಮ ಅಧಿಸೂಚನೆಯ ಕಡತ ಈ ದಿನ ಯಾವ ಅಧಿಕಾರಿಯ ಅಥವಾ ಸಚಿವರ ಮೇಜಿನ ಮೇಲಿದೆ, ಅದು ಅಲ್ಲಿಗೆ ಯಾವ ದಿನಾಂಕದಂದು ಬಂತು, ಮತ್ತು ಅದು ರಾಜ್ಯ ಚುನಾವಣಾ ಆಯೋಗವನ್ನು ತಲುಪುವ ದಿನಾಂಕ ಯಾವುದು?

ಇಂತಿ ತಮ್ಮ ವಿಶ್ವಾಸಿ,
ಗ್ರಾಮಾಂತರ ಕ್ಷೇತ್ರವೊಂದರ ಮತದಾರ
ಅಕ್ಟೋಬರ್ 2025